ಗೊಂಬೆ ಮೇಷ್ಟ್ರ ಕಿಟಕಿಗಳು

ನನ್ನ ಗಂಡ ಅಂಗಡಿಗಳ ಗಾಜಿನ ಕಿಟಕಿ ಅಲಂಕರಿಸುತ್ತಿದ್ದರು. ಪೇಟೆಯವರು ಗೊಂಬೆ ಮೇಷ್ಟ್ರು ಎನ್ನುತ್ತಿದ್ದರು. ಯಾರಿಗೂ ಪಾಠ ಹೇಳಿದವರಲ್ಲ. ಅವರು ಹೋಗಿ ನಾಲ್ಕು ತಿಂಗಳಾಯಿತು. ಈಗ ತಲೆಗೊಂದು ಕಥೆ ಹುಟ್ಟಿದೆ. ನಡೆದದ್ದು ನನಗೆ ಗೊತ್ತು.

ಮೊದಲು ಅವರು ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಸಂಬಳಕ್ಕಿದ್ದರು. ಒಂದು ದಿನ ಗೊಂಬೆಗೆ ಬೂದು ಕೋಟು ಹಾಕಿ, ಒಳಗೆ ಸಾಸಿವೆ ಬಣ್ಣದ ಅಂಗಿ ತೊಡಿಸಿದರು. ವಾರದಲ್ಲಿ ಅಂಥ ಕೋಟೆಲ್ಲ ಖಾಲಿ. ಪಕ್ಕದ ರಸ್ತೆಯ ಕೋಟಿನಂಗಡಿಯವನು ಬಂದು ನಮಗೂ ಹೀಗೆ ಮಾಡಿಕೊಡು ಎಂದ. ನಮ್ಮವರು ಸಂಬಳದ ಕೆಲಸ ಬಿಟ್ಟರು. ನಾನು ಬೇಡ ಎಂದೆ. ತಾನಾಗಿ ಹುಡುಕಿಕೊಂಡು ಬಂದವನ ಹೊಟ್ಟೆಯಲ್ಲಿ ಏನೋ ಇದೆ ಎಂದೇ ನನ್ನ ಅನುಮಾನ. ಹಾಲನ್ನೂ ಎರಡು ಸಲ ಸೋಸುವವಳು ನೀನು ಎಂದು ನಾದಿನಿ ಹಂಗಿಸಿದಳು. ಸೋಸಿದರೆ ತಪ್ಪೇನು ಎಂದೆ.

ಒಂದು ಅಂಗಡಿ ಏಳಾಯಿತು. ಸುಮ್ಮನೆ ಆಗಲಿಲ್ಲ. ಒಂದೇ ರಸ್ತೆಯಲ್ಲಿ ಒಂದೇ ಸಾಮಾನು ಮಾರುವ ಇಬ್ಬರ ಕೆಲಸವನ್ನು ಅವರು ಹಿಡಿಯಲಿಲ್ಲ. ಮೊದಲೇ ಚಿತ್ರ ಬರೆದು ತೋರಿಸಲಿಲ್ಲ. ತೋರಿಸಿದರೆ ಅಂಗಡಿಯವನ ಹೆಂಡತಿ, ಭಾವಮೈದುನ ಎಲ್ಲರೂ ಕೈ ಹಾಕುತ್ತಾರೆ ಎನ್ನುವರು. ಕೆಲಸ ಮುಗಿದ ಮೇಲೆ ಎದುರು ಫುಟ್‌ಪಾತಿನಲ್ಲಿ ಒಂದು ತಾಸು ನಿಲ್ಲುವರು.

ಆ ಒಂದು ತಾಸಿನ ಮೇಲೂ ನನಗೆ ಅನುಮಾನ. ಅಲ್ಲೊಂದು ಔಷಧಿ ಅಂಗಡಿ, ಅದರಲ್ಲಿ ಒಬ್ಬಳು ನಗುಮುಖದವಳು. ಒಮ್ಮೆ ಹಿಂದೆಯೇ ಹೋಗಿ ಕಂಬದ ಮರೆಯಲ್ಲಿ ನಿಂತೆ. ಯಾರಾದರೂ ನಮ್ಮ ಕಿಟಕಿ ಮುಂದೆ ನಿಂತರೆ ಇವರು ಬಲ ಜೇಬಿನಿಂದ ಒಂದು ಅಂಗಿಗುಂಡಿ ತೆಗೆದು ಎಡ ಜೇಬಿಗೆ ಹಾಕುತ್ತಿದ್ದರು. ಎಷ್ಟು ಜನ ನಿಂತರು ಎಂಬ ಎಣಿಕೆ. ನಗುಮುಖದವಳ ಕಡೆ ತಿರುಗಲೇ ಇಲ್ಲ. ಆಮೇಲೂ ನಾನು ಎರಡು ಸಲ ಹೋಗಿ ನೋಡಿದೆ.

ಬಣ್ಣ ಅವರದು, ಬಟ್ಟೆಯ ಮಡಿಕೆ ನನ್ನದು. ಅವರು ತೊಡಿಸಿದ ಬಟ್ಟೆ ಒಗೆದು ಹರವಿದ ಹಾಗಿರುತ್ತಿತ್ತು. ಬೆನ್ನಿಗೆ ಕ್ಲಿಪ್ಪು ಹಾಕಿ ಸೊಂಟ ಹಿಡಿಯುವುದು, ತೋಳಿಗೆ ತೆಳು ಕಾಗದ ತುಂಬಿ ಮೊಣಕೈ ಬಾಗಿಸುವುದು ಎಲ್ಲ ನಾನು. ಎರಡನೇ ವರ್ಷ ಗಡ್ಡದವನೊಬ್ಬ ಇದೇ ಕಸುಬಿಗೆ ಇಳಿದ. ನಮ್ಮವರು ಬಣ್ಣ ಜೋಡಿಸುವಾಗ ಹೊರಗೆ ನಿಂತು ನೋಡಿ, ಮೂರೇ ದಿನದಲ್ಲಿ ಇನ್ನೊಂದು ಅಂಗಡಿಯಲ್ಲಿ ಅದೇ ಬಣ್ಣ ಇಟ್ಟ. ಗಾಜಿಗೆ ಒಳಗಿನಿಂದ ಪೇಪರ್ ಅಂಟಿಸಿ ಎಂದು ನಾನೇ ಹೇಳಿದೆ. ಅಂದಿನಿಂದ ಬೀದಿ ಕಡೆ ಪೇಪರ್, ಅಂಗಡಿ ಕಡೆ ಪರದೆ, ನಡುವೆ ಕೆಲಸ. ನಾನು ಊಟದ ಡಬ್ಬಿ ಹಿಡಿದು ಹಿಂಬಾಗಿಲಲ್ಲಿ ಹೋಗುವೆ, ಹಿಂಬಾಗಿಲಲ್ಲಿ ಬರುವೆ. ಗುಡಿಸಲು ಬರುವವಳು ಎಂದು ಅಂಗಡಿಯವರು ತಿಳಿದಿದ್ದರು. ಹಾಗೇ ತಿಳಿಯಲಿ ಎಂದೂ ನಾನೇ ಹೇಳಿದ್ದೆ. ಇಲ್ಲಿ ಎರಡು ಕೈಯಿವೆ ಎಂದು ಗೊತ್ತಾದರೆ ಯಾರಾದರೂ ಒಂದನ್ನು ಎಳೆದುಕೊಂಡು ಹೋಗುತ್ತಾರೆ ಎಂಬ ಭಯ. ಹೀಗೆ ಹದಿನಾರು ವರ್ಷ.

ಒಂದು ಮಂಗಳವಾರ ಬೆಳಿಗ್ಗೆ ಷೂ ಹಾಕಿಕೊಳ್ಳಲು ಬಗ್ಗಿದವರು ಏಳಲಿಲ್ಲ. ಇನ್ನೊಂದು ಷೂ ನನ್ನ ಕೈಯಲ್ಲಿತ್ತು.

ಅಂಗಡಿಯವರು ಬಂದರು, ಅತ್ತರು. ಕಲೆ ಅವರ ಜೊತೆಗೇ ಹೋಯಿತು ಎಂದರು. ನಾನು ಅಲ್ಲೇ ಕುಳಿತಿದ್ದೆ. ಮೂರು ತಿಂಗಳಲ್ಲಿ ಗಡ್ಡದವನು ಎರಡು ಅಂಗಡಿ ಹಿಡಿದ. ಉಳಿದ ನಾಲ್ವರು ಕೋಟಿನಂಗಡಿಯವನು ಏನು ಮಾಡುತ್ತಾನೆ ಎಂದು ಕಾಯುತ್ತಿದ್ದರು. ಅದೊಂದು ಅಂಗಡಿ ಕೈತಪ್ಪಿದರೆ ಎಲ್ಲವೂ ಕೈತಪ್ಪಿದ ಹಾಗೆ.

ಕೋಟಿನಂಗಡಿಗೆ ಹೋಗಿ, ಇನ್ನು ಕಿಟಕಿ ನಾನು ಮಾಡುತ್ತೇನೆ ಎಂದೆ.

"ನೀವು ಯಾವತ್ತಮ್ಮಾ ಮಾಡಿದ್ರಿ? ನಾನಂತೂ ನೋಡಿಲ್ಲ" ಎಂದ.

ಬೇಲಿ ಹಾಕಿದವಳೇ ಬೇಲಿಯ ಹೊರಗೆ ಉಳಿದಿದ್ದೆ. ಪೇಪರ್, ಪರದೆ ಇಲ್ಲದೆ, ನಿಮ್ಮ ಕಣ್ಣೆದುರಿಗೇ ಮಾಡುತ್ತೇನೆ ಎಂದೆ. ಒಪ್ಪಿದ.

ಮರುದಿನ ಹೋದರೆ ಗಡ್ಡದವನು ಅಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಹೀಗೇ ಬಂದೆ ಅಕ್ಕ ಎಂದ. ಅವನಿಗೆ ನಾನು ಯಾವಾಗ ಅಕ್ಕನಾದೆನೋ. ಫೋನು ತೊಡೆಯ ಮೇಲೆ ನನ್ನ ಕಡೆಗೇ ಮುಖ ಮಾಡಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನಾನು ನೋಡಿದ ಕೂಡಲೇ ಮಗುಚಿದ. ನನ್ನಿಂದ ಅವನಿಗೆ ಕಲಿಸಿ, ಕಿಟಕಿಯನ್ನು ಅವನಿಗೇ ಕೊಡುವ ಹೂಟ ಕೋಟಿನಂಗಡಿಯವನದು. ಬಿಟ್ಟು ಹೋದರೆ ಕೈಲಾಗದವಳು ಎನ್ನುತ್ತಾರೆ. ಮುಗಿಸಿಕೊಟ್ಟರೆ ಹೋಗಿ ಬನ್ನಿ ಎನ್ನುತ್ತಾರೆ.

ಗೊಂಬೆಗೆ ಕೋಟು ತೊಡಿಸಲು ಮೊದಲು ಅದರ ಎರಡೂ ಕೈ ಕಳಚಬೇಕು. ಕಳಚಿದೆ. ಕೋಟು ತೊಡಿಸಿ ಭುಜ ಕೂರಿಸಿದೆ. ಬೆನ್ನಿಗೆ ಕ್ಲಿಪ್ಪು ಹಾಕಿದೆ. ಬಲಗೈ ಸಿಕ್ಕಿಸಿ ಮೊಣಕೈ ಬಾಗಿಸಿದೆ. ಹೊರಗೆ ಇಬ್ಬರು ನಿಂತರು, ಆಮೇಲೆ ಆರೇಳು ಜನ. ಕೋಟಿನಂಗಡಿಯವನು ಬೀದಿಗಿಳಿದು ನೋಡಿ ಬಂದ. ಇವಳೇನು ಮಾಡಿಯಾಳು ಎಂಬ ನಗು ಮುಖದಿಂದ ಹೋಗಿತ್ತು. ಆಗ ನಿಲ್ಲಿಸಿದೆ. ಗೊಂಬೆಯ ಎಡಗೈ ನನ್ನ ಕಂಕುಳಲ್ಲಿತ್ತು.

"ಈ ವರ್ಷ ಪೂರ್ತಿ ಕಿಟಕಿ ನಂದು ಅಂತ ಹೇಳಿ. ಇಷ್ಟು ಜನರ ಎದುರಿಗೇ ಹೇಳಿ."

"ಮೊದ್ಲು ಮುಗ್ಸಿ, ಆಮೇಲೆ ನೋಡೋಣ."

"ನೋಡಿದ್ದಾಯ್ತಲ್ಲ. ಇಲ್ಲಾಂದ್ರೆ ಒಂಟಿ ಕೈ ಗೊಂಬೇನೇ ಇಟ್ಕೊಳ್ಳಿ."

ಗಡ್ಡದವನು ಎದ್ದ. ಅದೇನು ದೊಡ್ಡ ವಿದ್ಯೆ, ಆ ಕೈ ನಾನು ಹಾಕುತ್ತೇನೆ ಎಂದ. ತಗೋಪ್ಪ ಎಂದು ಕೊಟ್ಟೆ. ಸಿಕ್ಕಿಸಿದ. ತೋಳಿಗೆ ಸಿಕ್ಕಷ್ಟು ಕಾಗದ ತುರುಕಿದ. ತೋಳು ಸುತ್ತಿಟ್ಟ ಹಾಸಿಗೆಯಾಯಿತು. ಹೊರಗೆ ಒಬ್ಬ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಹೊರಗಿದ್ದವರಲ್ಲಿ ಇಬ್ಬರು ಹೊರಟೇ ಹೋದರು.

ಕೋಟಿನಂಗಡಿಯವನು ಅವರು ಹೋದ ದಿಕ್ಕನ್ನೇ ನೋಡಿದ. "ಸರಿ ಕಣಮ್ಮ, ನಿಮ್ದೇ."

ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದುಕೊಡಿ ಎಂದೆ. ಗೊಣಗಿಕೊಂಡು ಬರೆದ. ಅವನ ಅಕ್ಷರ ಇರುವೆ ಸಾಲು. ಚೀಟಿಯನ್ನು ಬಟ್ಟೆ ಅಳೆಯುವ ಹುಡುಗಿಯಿಂದ ಓದಿಸಿದೆ. ಆಮೇಲೆ ಅವಳನ್ನು ದೂರ ಕಳಿಸಿ ಕ್ಯಾಷಿಯರನಿಂದ ಓದಿಸಿದೆ. ಇಬ್ಬರೂ ಒಂದೇ ಓದಿದರು. ಚೀಟಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡೆ. ಗಡ್ಡದವನನ್ನು ಬೀದಿಗೆ ಕಳಿಸಿ ಎಂದೆ; ಬೀದಿಯಿಂದ ಕೋಟು ಕಂಡೀತು, ತೋಳಿನೊಳಗಿನ ಕಾಗದ ಕಾಣದು. ಅವನು ಹೊಸಿಲು ದಾಟುವವರೆಗೆ ಕಾದು, ಅವನು ತುರುಕಿದ ಕಾಗದವನ್ನೆಲ್ಲ ಹೊರಗೆಳೆದೆ.