ಮದ್ದು ಮುಟ್ಟದ ಮಹಾಬಲ

ಸವಣೂರಿನ ಮಹಾಬಲ ರೈಯ ಕಸುಬು ಮದುವೆ ಕುದುರಿಸುವುದು. ಪುತ್ತೂರಿನಿಂದ ಸುಳ್ಯದವರೆಗೆ ಅವನು ಉಣ್ಣದ ಮದುವೆಯಿಲ್ಲ, ಹೇಳದ ಸುಳ್ಳಿಲ್ಲ ಎಂಬುದು ಅವನ ಹೆಂಡತಿ ದಮಯಂತಿಯ ತೀರ್ಮಾನ. ಅವನ ಪ್ರಕಾರ ಅದು ಸುಳ್ಳಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರ. ಹುಡುಗ ಕುಡಿಯುತ್ತಾನೆಯೇ ಎಂದು ಹೆಣ್ಣಿನ ಕಡೆಯವರು ಕೇಳಿದರೆ, ಮನೆಯಲ್ಲಿ ಒಂದು ತೊಟ್ಟೂ ಮುಟ್ಟುವುದಿಲ್ಲ ಎನ್ನುತ್ತಿದ್ದ. ಅದು ನಿಜವೇ, ಹುಡುಗ ಕುಡಿಯುತ್ತಿದ್ದದ್ದು ಪೇಟೆಯ ಬಾರಿನಲ್ಲಿ.

ಇಂಥವನ ದೊಡ್ಡ ಹೆಮ್ಮೆಯೆಂದರೆ, ತಾನು ಹುಟ್ಟಿದ ಮೇಲೆ ಮದ್ದು ಮುಟ್ಟಿದವನಲ್ಲ ಎನ್ನುವುದು. ಬೆಳಿಗ್ಗೆ ಎದ್ದ ಕೂಡಲೇ ನುಂಗುವ ಗ್ಯಾಸಿನ ಮಾತ್ರೆ, ಮದುವೆಯೂಟದ ದಿನ ಅದರ ಮೇಲೊಂದು, ಇವು ಮದ್ದಿನ ಜಾತಿಗೇ ಸೇರಿರಲಿಲ್ಲ. ಊಟದೆಲೆಯ ತುದಿಯಲ್ಲಿ ಉಪ್ಪಿನಕಾಯಿ ಇದ್ದ ಹಾಗೆ ಅದೂ ಒಂದು ಇರುತ್ತದೆ. ದಮಯಂತಿ ಗೊಣಗಿದರೆ, ನೀನು ಯಾವ ಕಾಲೇಜಿನಲ್ಲಿ ವೈದ್ಯ ಕಲಿತದ್ದು ಎಂದು ಬಾಯಿ ಮುಚ್ಚಿಸುತ್ತಿದ್ದ.

ಹೋದ ವರ್ಷ ಮಹಾಬಲ ಬಿಳಿಚಿಕೊಂಡ. ಮೆಟ್ಟಿಲು ಹತ್ತಿದರೆ ಏದುಸಿರು, ಹೊಟ್ಟೆಯಲ್ಲಿ ಉರಿ, ಮಲ ಡಾಂಬರಿನ ಬಣ್ಣ. ಪುತ್ತೂರಿನ ಡಾಕ್ಟರೊಬ್ಬರು, ಮದ್ದು ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಇಲ್ಲವೇ ಇಲ್ಲ ಎಂದ. ಬಾಯಿಯಿಂದ ನಳಿಗೆ ಇಳಿಸಿ ನೋಡಿದರೆ ಜಠರದಲ್ಲಿ ಹುಣ್ಣು. ಹುಣ್ಣು ತರುವ ರೋಗಾಣು ಸಾಮಾನ್ಯವಾಗಿ ಬೀಡುಬಿಡುವುದು ಜಠರದ ಕೆಳಭಾಗದಲ್ಲಿ. ಅಲ್ಲಿಂದ ಒಂದು ಚೂರು ಚಿವುಟಿ ಪರೀಕ್ಷೆಗೆ ಕಳಿಸಿದರು. ರೋಗಾಣು ಇಲ್ಲ ಎಂದು ವರದಿ ಬಂತು. ಮಹಾಬಲ ಅದನ್ನು ಫೋನಿನಲ್ಲಿಟ್ಟುಕೊಂಡು ಒಳ್ಳೆಯ ಜಾತಕದ ಹಾಗೆ ಕಂಡಕಂಡವರಿಗೆ ತೋರಿಸಿದ. ಹುಣ್ಣು ತನ್ನ ಪಾಡಿಗೆ ರಕ್ತ ಒಸರುತ್ತಲೇ ಇತ್ತು.

ಆಲೆಟ್ಟಿಯ ಒಂದು ಮದುವೆಯಲ್ಲಿ ಅವನು ಎಲೆಯ ಮುಂದೆಯೇ ಕುಸಿದ. ಸುಳ್ಯದ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಸುಧಾರಿಸಿದ ಮೇಲೆ ಡಾಕ್ಟರ್ ಊರ್ಮಿಳಾ ಮತ್ತೆ ನಳಿಗೆ ಇಳಿಸಲು ಸಿದ್ಧರಾದರು. ಅವರದ್ದೂ ಅದೇ ಪ್ರಶ್ನೆ, ಇವನದ್ದೂ ಅದೇ ಉತ್ತರ. ದಮಯಂತಿಗೆ ಮೈಯೆಲ್ಲ ಉರಿಯಿತು. ಗಂಡ ಸಾಯುತ್ತಾನೆಂಬ ಹೆದರಿಕೆ ಒಂದು ಕಡೆ. ಸಾಯುವಾಗಲೂ ಜಂಬ ಬಿಡಲೊಲ್ಲನಲ್ಲ ಎಂಬ ಸಿಟ್ಟು ಇನ್ನೊಂದು ಕಡೆ.

"ಸುಳ್ಳು ಡಾಕ್ಟ್ರೆ. ಗ್ಯಾಸಿನ ಮಾತ್ರೆ ದಿನಾ ತಿನ್ನುದು. ಎಷ್ಟೋ ವರ್ಷ ಆಯ್ತು" ಎಂದಳು.

"ಅದು ಮದ್ದಾ ಮಾರಾಯ್ತಿ?" ಎಂದ ಮಹಾಬಲ.

ಊರ್ಮಿಳಾ ನಗಲಿಲ್ಲ. ಆ ಮಾತ್ರೆಯಿಂದ ಹೊಟ್ಟೆಯ ಆಮ್ಲ ಕಡಿಮೆಯಾದರೆ ರೋಗಾಣು ಕೆಳಗಿನ ಜಾಗ ಬಿಟ್ಟು ಜಠರದ ಮೇಲ್ಭಾಗಕ್ಕೆ ಸರಿದುಬಿಡಬಹುದು, ಕೆಳಗೆ ಮಾತ್ರ ಚಿವುಟಿದರೆ ಸಿಗಲಿಕ್ಕಿಲ್ಲ ಎಂದರು. ಈ ಸಲ ಕೆಳಗಿನಿಂದಲೂ ಮೇಲಿನಿಂದಲೂ ಚೂರು ತೆಗೆದು ಬೇರೆ ಬೇರೆ ಶೀಶೆಗೆ ಹಾಕಿದರು. ಕೆಳಗಿನದರಲ್ಲಿ ಏನೂ ಇರಲಿಲ್ಲ. ಮೇಲಿನದರಲ್ಲಿ ರೋಗಾಣು ಸಂಸಾರ ಸಮೇತ ಕೂತಿತ್ತು.

ಅದನ್ನು ಓಡಿಸಲು ಬರೆದುಕೊಟ್ಟ ಮದ್ದುಗಳಲ್ಲಿ ಗ್ಯಾಸಿನ ಮಾತ್ರೆಯೂ ಒಂದು. ಉಳಿದವು ಸರಿಯಾಗಿ ಕೆಲಸ ಮಾಡಬೇಕಾದರೆ ಅದೂ ಬೇಕಂತೆ. ಇದು ಕಿವಿಗೆ ಬಿದ್ದದ್ದೇ ಮಂಚದ ಮೇಲಿದ್ದ ಮಹಾಬಲನಿಗೆ ಹೋದ ಜೀವ ಬಂತು. ನೋಡಿದಿಯಾ, ಅಷ್ಟು ಕಲಿತ ಡಾಕ್ಟರೂ ಕೊನೆಗೆ ನನ್ನ ದಾರಿಗೇ ಬಂದರು ಎಂದು ಹಲ್ಲು ಬಿಟ್ಟ.

ದಮಯಂತಿ ಮಾತ್ರೆ ಬಿಡಿಸುತ್ತಿದ್ದಳು.

"ನಾನು ಬಾಯಿ ಬಿಡದಿದ್ರೆ ಇಷ್ಟೊತ್ತಿಗೆ ನಿಮ್ಮ ಉತ್ತರಕ್ರಿಯೆಗೆ ಅಡುಗೆಯವರನ್ನು ಹುಡುಕುದಿತ್ತು" ಎಂದಳು.

ಮಹಾಬಲ ಅವಳ ಮುಖ ನೋಡಿ ಮಾತ್ರೆಗೆ ಕೈ ಚಾಚಿದ.