ಅಪ್ಪನ ಕತ್ತಿಯ ಉಬ್ಬು

ಆ ಭಾನುವಾರ ಬೆಳಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ಅಣ್ಣ ಕುಂಬಳಕಾಯಿಗೆ ಕತ್ತಿ ಹಾಕಿದ. ಸಮಯ ಇಷ್ಟು ಖಚಿತವಾಗಿ ನೆನಪಿರಲು ಕಾರಣ ಅವನೇ. ಒಳಗೆ ಬಂದವನು ಗೋಡೆ ಗಡಿಯಾರ ನೋಡಿ, "ಎಂಟೂ ಇಪ್ಪತ್ತು! ಬೇಗ ಕೊಡು ಮಾರಾಯ್ತಿ, ದೋಸೆಕಲ್ಲು ಬಿಟ್ಟು ಬಂದದ್ದು ನಾನು" ಎಂದಿದ್ದ.

ಚೆನ್ನೈಯ ಕೀಲ್ಪಾಕಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ ನಮ್ಮ ಹೋಟೆಲು. ಉಡುಪಿ ಕಡೆಯಿಂದ ಬಂದ ಅಪ್ಪ ಶುರು ಮಾಡಿದ್ದು. ಅವರು ತೀರಿಕೊಂಡ ಮೇಲೆ ಅಣ್ಣ ನಡೆಸುತ್ತಾನೆ, ದೋಸೆಕಲ್ಲಿನ ಮುಂದೆ ನಿಲ್ಲುವವನೂ ಅವನೇ. ನಾನು ನುಂಗಂಬಾಕ್ಕಂನಲ್ಲಿ ಆಫೀಸಿಗೆ ಹೋಗುತ್ತೇನೆ, ಅಮ್ಮ ನನ್ನ ಜೊತೆಗಿದ್ದಾರೆ. ಅಮ್ಮನದೊಂದು ಕಟ್ಟುಪಾಡು: ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದು. ಗಂಡಸೊಬ್ಬ ಎರಡು ಹೋಳು ಮಾಡಿಕೊಟ್ಟರೆ ಮುಂದಿನದು ನಮ್ಮ ಕೆಲಸ. ಅಪ್ಪ ಇರುವಾಗ ಇದು ಸಮಸ್ಯೆಯೇ ಆಗಿರಲಿಲ್ಲ. ಈಗ ಕುಂಬಳಕಾಯಿ ಹುಳಿ ಬೇಕೆನಿಸಿದರೆ ಅಣ್ಣನಿಗೆ ಫೋನ್ ಹೋಗಬೇಕು.

ಅವನು ಒದ್ದೆ ಕೈಯಲ್ಲೇ ಬಂದಿದ್ದ. ಅಪ್ಪನ ಕತ್ತಿ ತೆಗೆದುಕೊಂಡು ಒತ್ತಿದ. ಅರ್ಧ ಇಳಿದು ಕಚ್ಚಿಕೊಂಡಿತು. ಹಿಡಿಯನ್ನು ಅತ್ತಿತ್ತ ಅಲ್ಲಾಡಿಸಿದ, ಬರಲಿಲ್ಲ. ಮೈಭಾರ ಹಾಕಿ ಮತ್ತೆ ಒತ್ತಿದಾಗ ಕೈ ಹಿಡಿಯಿಂದ ಜಾರಿ, ಕಾಯಿಯ ಹೊರಗೆ ಉಳಿದಿದ್ದ ಅಲಗಿನ ಮೇಲೆ ಹೋಯಿತು. ಅವನು ಕೂಗಲಿಲ್ಲ. "ಬಟ್ಟೆ ಕೊಡು" ಎಂದಷ್ಟೇ ಹೇಳಿದ. ನಾನು ಕೊಟ್ಟ ಟವೆಲ್ಲು ಆಟೋ ಹತ್ತುವಷ್ಟರಲ್ಲಿ ನೆನೆದುಹೋಗಿತ್ತು.

ಬಲಗೈ ಹೆಬ್ಬೆರಳು ಮಡಿಸುವ ನರದಂಥ ಹುರಿಯೊಂದು ಕಡಿದಿದೆ, ಹೊಲಿದಿದ್ದೇವೆ ಎಂದರು ಡಾಕ್ಟರು. ಮೊದಲಿನ ಹಾಗೆ ಮಡಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು. ಹೆಬ್ಬೆರಳು ಮಡಿಯದ ಕೈಯಲ್ಲಿ ಸೌಟು ನಿಲ್ಲುವುದಿಲ್ಲ.

ಅಣ್ಣನಿಗೆ ನಾನು ಒಂದು ವಿಷಯ ಹೇಳಿರಲಿಲ್ಲ. ಹಿಂದಿನ ಗುರುವಾರ ಸಾಣೆ ಹಿಡಿಯುವವನು ನಮ್ಮ ಬೀದಿಗೆ ಬಂದಿದ್ದ. ಅಪ್ಪ ಹೋದ ಮೇಲೆ ಅವರ ಕತ್ತಿ ಮೊಂಡಾಗಿತ್ತು. ಅದರ ಅಲಗಿನ ಎರಡೂ ಬದಿ ಅಕ್ಕಿಕಾಳಿನ ಹೊಟ್ಟೆಯ ಹಾಗೆ ಉಬ್ಬಿತ್ತು. ಸವೆದು ಹಾಗಾಗಿದೆ ಎಂದುಕೊಂಡು ಕೊಟ್ಟೆ. ಅವನು ಚಕ್ರದ ಮೇಲೆ ಎರಡೂ ಬದಿ ಚಪ್ಪಟೆ ಮಾಡಿ, ಪೇಪರಿನ ಚೂರೊಂದನ್ನು ಸರಕ್ಕನೆ ಸೀಳಿ ತೋರಿಸಿದ. "ಬ್ಲೇಡ್ ಮಾದಿರಿ, ಪಾರುಂಗಮ್ಮಾ!" ಎಂದ, ಬ್ಲೇಡಿನ ಹಾಗಾಗಿದೆ ನೋಡಿ ಎಂದು. ನಾನು ಸಂತೋಷಪಟ್ಟೆ. ಅಪ್ಪನ ವಸ್ತುವನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಎಂಬ ಹೆಮ್ಮೆ ಬೇರೆ.

ರಾತ್ರಿ ಕಣ್ಣು ಮುಚ್ಚಿದರೆ ಆ ಒದ್ದೆ ಕೈ ಮತ್ತೆ ಮತ್ತೆ ಜಾರುತ್ತಿತ್ತು. ಒಂದೊಂದು ಸಲ ನಾನು "ನಿಲ್ಲು" ಎನ್ನುತ್ತಿದ್ದೆ. ಒಂದೊಂದು ಸಲ ಟವೆಲ್ಲನ್ನು ಮೊದಲೇ ಕೊಡುತ್ತಿದ್ದೆ. ಪ್ರತಿ ಸಲವೂ ಜಾರುತ್ತಿತ್ತು.

ಮೂರನೆಯ ವಾರ ಅಮ್ಮನಿಗೆ ಹೇಳಿಬಿಟ್ಟೆ. ಅವರು ಕತ್ತಿಯನ್ನು ಬೆಳಕಿಗೆ ಹಿಡಿದು, ಬೆರಳನ್ನು ಅಲಗಿನ ಪಕ್ಕದಲ್ಲಿ ಮೇಲಿನಿಂದ ಕೆಳಗೆ ಎಳೆದರು.

"ಉಬ್ಬು ಎಲ್ಲಿ ಹೋಯ್ತು?"

"ಅದು ಬೇಕಾಗಿತ್ತಾ ಅಮ್ಮ?"

"ಮತ್ತೆಂತ! ಗಟ್ಟಿ ಕಾಯಿಯನ್ನು ಎರಡು ಕಡೆಗೂ ದೂಡಿಕೊಂಡು ಹೋಗ್ಬೇಕು ಅಂತ ಅವರು ಅಷ್ಟು ವರ್ಷ ಉಜ್ಜಿ ಮಾಡಿದ್ದು ಅದು. ಚಪ್ಪಟೆ ಆದ್ರೆ ಕಾಯಿ ಹಿಡ್ಕೊಳ್ತದೆ."

ಆಗ ನೆನಪಾಯಿತು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಅಪ್ಪ ಹೋಟೆಲಿನ ಹಿಂಬಾಗಿಲ ಮೆಟ್ಟಿಲಲ್ಲಿ ಕೂತು ಏನೋ ಉಜ್ಜುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಕಾಲೇಜಿನ ನೋಟ್ಸ್ ಓದುತ್ತಿದ್ದೆ. ಅಷ್ಟು ವರ್ಷ ಆ ಶಬ್ದ ಕೇಳಿದ್ದೇನೆ, ಒಮ್ಮೆಯೂ ತಲೆಯೆತ್ತಿ ಏನು ಮಾಡುತ್ತಿದ್ದೀರಿ ಎಂದು ಕೇಳಿಲ್ಲ. ಈಗ ಕೇಳಬೇಕು ಎನಿಸಿದರೆ ಆ ಮೆಟ್ಟಿಲಲ್ಲಿ ಗ್ಯಾಸ್ ಸಿಲಿಂಡರ್ ನಿಂತಿದೆ.

ಅಮ್ಮನಿಗೆ ನೆನಪಿದ್ದಷ್ಟನ್ನು ಹಿಡಿದು ನಾನೇ ಶುರು ಮಾಡಿದೆ. ಹಳೆಯ ಹವಾಯಿ ಚಪ್ಪಲಿಯ ಅಟ್ಟೆ, ಅದರ ಮೇಲೆ ಅಂಟಿಸಿದ, ಮರ ಉಜ್ಜುವ ಉಪ್ಪುಕಾಗದ. ರಬ್ಬರು ಮೆತ್ತಗಿರುವುದರಿಂದ ಕತ್ತಿ ಒತ್ತಿದಲ್ಲಿ ಸ್ವಲ್ಪ ತಗ್ಗಾಗಿ, ಕಾಗದ ಅಲಗನ್ನು ಅಪ್ಪಿಕೊಳ್ಳುತ್ತದೆ. ಗಟ್ಟಿ ಕಲ್ಲಿನ ಮೇಲೆ ಚಪ್ಪಟೆಯಾಗುವುದು ಇಲ್ಲಿ ದುಂಡಗಾಗುತ್ತದೆ. ಮೊದಲ ದಿನ ಕತ್ತಿಯನ್ನು ಮುಂದಕ್ಕೆ ದೂಡಿ ಕಾಗದವನ್ನೂ ರಬ್ಬರನ್ನೂ ಸೀಳಿದೆ. ಅಮ್ಮ ಅಡುಗೆಮನೆಯಿಂದಲೇ ಕೂಗಿದರು: "ಕತ್ತಿಯ ಬಾಯಿ ಮುಂದೆ ಮಾಡಿ ದೂಡಬೇಡ! ಬೆನ್ನು ಮುಂದೆ ಮಾಡಿ ಎಳಿ. ಅವರು ಎಳೀತಾ ಇದ್ದದ್ದು."

ಸಾಣೆಯವನು ಮಾಡಿದ ಇಳಿಜಾರು ಶುರುವಾಗುವಲ್ಲಿ ಒಂದು ಏಣು, ಬೆರಳಿಗೆ ತಾಗುವ ಗೆರೆಯಂಥ ಅಂಚು, ಇತ್ತು. ಅಲಗಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದು ಎಳೆದರೆ ಎಲ್ಲಿ ಸವೆಯುತ್ತಿದೆ ಎಂದು ಗೊತ್ತಾಗುತ್ತಿತ್ತು. ಮೊದಲು ಏಣಿನ ಮೇಲಿನ ಕಪ್ಪು ಹೋಯಿತು. ದಿನಗಳೆದಂತೆ ಬಿಳುಪು ಬಾಯಿಯ ಕಡೆಗೆ ಇಳಿಯುತ್ತ ಬಂತು. ಒರಟು ಕಾಗದ, ಆಮೇಲೆ ನಯ ಕಾಗದ, ಕೊನೆಗೆ ಅಪ್ಪನ ಚರ್ಮದ ಬೆಲ್ಟು. ಆಫೀಸಿನಿಂದ ಬಂದು ದಿನಾ ಅರ್ಧ ಗಂಟೆ. ಕೈ ಸರಿಯಾಗಿ ಬಿದ್ದ ದಿನ ಮೆಟ್ಟಿಲಿನ ಆ ಶಬ್ದವೇ ಬರುತ್ತಿತ್ತು, ಅದನ್ನು ಕೇಳಲೆಂದೇ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಎಳೆದಿದ್ದೇನೆ.

ಕೈಯ ಪಟ್ಟಿ ಬಿಚ್ಚಿ ಎಷ್ಟೋ ವಾರ ವ್ಯಾಯಾಮ ಮಾಡಿದ ಮೇಲೆ, ಇನ್ನು ಭಾರ ಹಾಕಬಹುದು ಎಂದು ಡಾಕ್ಟರು ಹೇಳಿದ ಭಾನುವಾರ ಅಣ್ಣ ಮನೆಗೆ ಬಂದ. ಹೆಬ್ಬೆರಳು ಪೂರ್ತಿ ಮಡಿಯುತ್ತಿರಲಿಲ್ಲ. ನಾನು ಕತ್ತಿಯನ್ನು ಮೇಜಿನ ಮೇಲಿಟ್ಟು ಸಾಣೆಯವನ ಕಥೆ ಹೇಳಿದೆ.

"ಗೊತ್ತುಂಟು" ಎಂದ.

"ಯಾರು ಹೇಳಿದ್ದು? ಅಮ್ಮನಾ?"

"ಅವತ್ತು ಕೈಗೆ ತಗೊಂಡ ಕೂಡ್ಲೇ ಗೊತ್ತಾಯ್ತು, ಇದು ಅಪ್ಪನ ಕತ್ತಿಯ ಹಾಗಿಲ್ಲ ಅಂತ. ದೋಸೆಕಲ್ಲು ಕಾದಿತ್ತು ನೋಡು, ಅವಸರ. ಒದ್ದೆ ಕೈ ನಂದೇ ಅಲ್ವಾ? ನೀನು ಇಷ್ಟು ದಿನ ಅದನ್ನೇ ತಲೆಯಲ್ಲಿ ಇಟ್ಕೊಂಡು ಕೂತಿದ್ದಿಯಾ, ಪೆದ್ದಿ!"

ಅಮ್ಮ ಅಷ್ಟರಲ್ಲಿ ಕುಂಬಳಕಾಯಿ ತಂದಿಟ್ಟಿದ್ದರು.

"ಬೇಡ ಅಮ್ಮ" ಎಂದೆ. "ನಾನೇ ಒಡೀತೇನೆ."

"ಅಯ್ಯೋ, ಶಾಸ್ತ್ರ ಗೀಸ್ತ್ರ..." ಎಂದು ಅಮ್ಮ ತಡವರಿಸಿದರು.

"ಸುಮ್ಮನಿರಿ ಇಬ್ರೂ" ಎಂದ ಅಣ್ಣ. ಎರಡೂ ಕೈಯನ್ನು ಒರೆಸಿಕೊಂಡು, ಒಂದೊಂದೇ ಬೆರಳನ್ನು ಹಿಡಿಯ ಸುತ್ತ ಮಡಿಸಿದ. ಹೆಬ್ಬೆರಳು ಕೊನೆಗೆ ಬಂದು, ಅರ್ಧ ಮಡಿದು, ನಿಂತಿತು. ಒತ್ತಿದ. ಕತ್ತಿ ಎಲ್ಲೂ ನಿಲ್ಲದೆ ಇಳಿಯಿತು. ಪೂರ್ತಿ ಕೆಳಗೆ ಮುಟ್ಟುವ ಮೊದಲೇ ಕಾಯಿ ತಾನಾಗಿ ಬಾಯಿಬಿಟ್ಟು ಎರಡಾಯಿತು. ಅವನು ಅಲಗನ್ನು ಒರೆಸಿ, ಪಕ್ಕಕ್ಕೆ ತಿರುಗಿಸಿ ನೋಡಿದ.

"ಒಂದು ಬದಿ ಸ್ವಲ್ಪ ಹೆಚ್ಚು ಉಬ್ಬಿದೆ. ಅಪ್ಪ ಆಗಿದ್ರೆ ಬಯ್ತಿದ್ರು."

ಬಯ್ಯಲಿ ಎಂದು ಎಷ್ಟು ಆಸೆಯಾಯಿತೆಂದರೆ ಹೋಳುಗಳನ್ನು ಎತ್ತಿಕೊಂಡು ಸಿಂಕಿನ ಕಡೆ ತಿರುಗಿ ನಿಂತೆ. ಅಂದು ಹುಳಿ ಉಂಡು, ಪಾತ್ರೆ ತೊಳೆದು ಮಲಗಿದವಳಿಗೆ, ಆ ಕೈ ಒಮ್ಮೆಯೂ ಜಾರದೆ, ಎಚ್ಚರವಾದದ್ದು ಸೋಮವಾರ ಬಿಸಿಲು ಹಾಸಿಗೆಗೆ ಬಂದ ಮೇಲೆ. ಅಮ್ಮ ಎಬ್ಬಿಸಿರಲಿಲ್ಲ.