ಕಸೂತಿ ಬಟ್ಟೆಯ ಕೆಳಗಿನ ಪೆಟ್ಟಿಗೆ

ಎರಡು ಸಾವಿರದ ನಾಲ್ಕನೆಯ ಇಸವಿಯಲ್ಲಿ ಮನೆಯ ಕಂಪ್ಯೂಟರಿಗೆ ಇದ್ದ ಮರ್ಯಾದೆ ಅಳಿಯನಿಗೂ ಇರಲಿಲ್ಲ. ಕೋಲ್ಕತ್ತದ ಟಾಲಿಗಂಜ್‌ನಲ್ಲಿದ್ದ ಧಾರವಾಡದ ಅಹಲ್ಯಾ ತಮ್ಮದಕ್ಕೆ ಕೈಯಾರೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಯಾವುದೋ ಆಫೀಸಿನವರು ಹಳತಾಯಿತೆಂದು ತೆಗೆದುಹಾಕಿದ್ದನ್ನು ರೈಲ್ವೆಯಲ್ಲಿದ್ದ ಗಂಡ ಶಂಕರಲಿಂಗ ಮನೆಗೆ ತಂದಿದ್ದರು. ಮಧ್ಯಾಹ್ನದ ಹೊತ್ತು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಅಹಲ್ಯಾ ಅದರಲ್ಲಿ ಕನ್ನಡ ಟೈಪು ಮಾಡುವುದನ್ನು ಕಲಿತರು.

ಕನ್ನಡ ಸಂಘದ ಸ್ಮರಣ ಸಂಚಿಕೆಗೆಂದು ಅವರು ಹಿರಿಯ ಹೆಂಗಸರನ್ನು ಮಾತಾಡಿಸಿ, ಕೋಲ್ಕತ್ತಕ್ಕೆ ಮೊದಲ ಸಲ ಬಂದಿಳಿದ ದಿನದ ಕಥೆ ಕೇಳುತ್ತಿದ್ದರು. ಲೇಕ್ ಮಾರ್ಕೆಟ್ ಹತ್ತಿರ ಇದ್ದ ಮೈಸೂರಿನ ಶಾಂತಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಹೇಳುತ್ತ ಹೋದರು, ಅಹಲ್ಯಾ ನೇರವಾಗಿ ಟೈಪು ಮಾಡಿದರು. ಆಷಾಢದಲ್ಲಿ ಶಾಂತಮ್ಮ ತೀರಿಕೊಂಡರು. ದುರ್ಗಾಪೂಜೆಯ ಪೆಂಡಾಲಿಗೆ ಬೀದಿಯಲ್ಲಿ ಬಿದಿರು ಇಳಿಸುತ್ತಿದ್ದ ವಾರ ಕಂಪ್ಯೂಟರೂ ಕಣ್ಣು ಮುಚ್ಚಿತು.

ಸಂಘದವರು ಬೆಂಗಳೂರಿನ ನಿತಿನ್ ಎಂಬ ತರುಣನ ನಂಬರು ಕೊಟ್ಟರು. ಊರಿನ ಇನ್ನೊಂದು ತುದಿಯ ಸಾಲ್ಟ್ ಲೇಕ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಅವನಿಗೆ. ಅಹಲ್ಯಾ ಫೋನು ಮಾಡಿದರು.

“ಫ್ಯಾನ್ ಸದ್ದು ಬರ್ತಿದ್ಯಾ ಆಂಟಿ?”

“ಉಸಿರೇ ಇಲ್ಲಪಾ ಅದಕ್ಕ.”

“ಹಾಗಾದ್ರೆ ಒಳಗೆ ಕರೆಂಟ್ ಹಂಚೋ ಡಬ್ಬಿ ಹೋಗಿರ್ಬೇಕು. ನಾನೇ ತರ್ತೀನಿ. ನಿಮ್ಮದು ಟವರ್ರಾ, ಡೆಸ್ಕ್‌ಟಾಪಾ?”

“ಎಲ್ಲಾರೂ ಡೆಸ್ಕ್‌ಟಾಪ್ ಅಂತಾರಪಾ.”

“ನಿಂತಿರೋ ಟವರ್‌ಗೂ ಮಲಗಿರೋದಕ್ಕೂ ಎಲ್ಲಾ ಹಾಗೇ ಅಂತಾರೆ, ಬಿಡಿ. ಸೈಜ್ ಎಷ್ಟಿದೆ?”

ಅಹಲ್ಯಾ ಹೊಲಿಗೆಯ ಟೇಪು ತಂದು ಅಳೆದು, “ಹದಿನೈದು ಇಂಚು,” ಎಂದರು. ಸಣ್ಣ ಟವರ್ ಇರಬೇಕೆಂದು ನಿತಿನ್ ಎಣಿಸಿದ.

ಶನಿವಾರ ಬೆಳಿಗ್ಗೆ ಡಬ್ಬಿ ಹಿಡಿದು ಬಂದವನು ಮೇಜಿನ ಕೆಳಗೆ ತಲೆ ತೂರಿಸಿ ಹುಡುಕಿದ. “ಸಿಪಿಯು ಎಲ್ಲಿ ಆಂಟಿ?”

“ಕಣ್ಣ ಮುಂದ ಐತಲ್ಲೋ!” ಅಹಲ್ಯಾ ಪರದೆಯ ಮೇಲೆ ಕೈಯಿಟ್ಟರು.

ನಿತಿನ್ ಕಸೂತಿ ಬಟ್ಟೆ ಸರಿಸಿದ. ಪರದೆಯ ಕೆಳಗೆ ತೆಳ್ಳನೆಯ ಪೆಟ್ಟಿಗೆಯೊಂದು ಅಡ್ಡ ಮಲಗಿತ್ತು.

“ಅದು ಕೆಳಗಿಡೋ ಪೀಠಪಾ. ಸ್ವಿಚ್ ಅದಕ್ಕ ಐತಿ.”

“ಆಂಟಿ, ಪೀಠನೇ ಕಂಪ್ಯೂಟರು! ಮೇಲಿರೋದು ಬರೀ ಮುಖ.”

ಅವನು ತಂದ ಡಬ್ಬಿ ಆ ತೆಳು ಪೆಟ್ಟಿಗೆಯೊಳಗೆ ಹಿಡಿಸಲಿಲ್ಲ. ಅಹಲ್ಯಾ ಪೆಚ್ಚಾದರು. ಅಷ್ಟು ದೂರದಿಂದ ಬಂದ ಹುಡುಗ, ತಾನು ಮುಖ ಅಳೆದು ಕೊಟ್ಟಿದ್ದೆ ಎಂಬ ನಾಚಿಕೆ. ಅದಕ್ಕಿಂತ ಹೆಚ್ಚಿನ ಅಳುಕೊಂದು ಬಾಯಿಗೆ ಬಂತು. “ಶಾಂತಮ್ಮ ಹೇಳಿದ್ದೆಲ್ಲಾ ಒಳಗ ಉಳದೈತಿ, ನಿತಿನ್. ಮತ್ತ ಕೇಳೋಣಂದ್ರ ಆಕಿ ಇಲ್ಲ.”

ನಿತಿನ್ ನಗು ನಿಲ್ಲಿಸಿದ. “ಅದಿರೋ ಜಾಗ ಬೇರೆ. ಬಹುಶಃ ಏನೂ ಆಗಿರಲ್ಲ. ಈ ಸತ್ತಿರೋ ಡಬ್ಬೀನೇ ಬಿಚ್ಕೊಂಡು ಚಾಂದನಿ ಮಾರ್ಕೆಟ್ಟಿಗೆ ಹೋಗೋಣ.”

ರೊಟ್ಟಿ, ಎಣ್ಣೆಗಾಯಿ ಉಂಡು ಇಬ್ಬರೂ ಮೆಟ್ರೋ ಹತ್ತಿದರು. ಅಹಲ್ಯಾ ಆ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಚಾಂದನಿ ಮಾರುಕಟ್ಟೆಯಲ್ಲಿ ಪೂಜೆಯ ನೂಕುನುಗ್ಗಲು. ಅಂಗಡಿ ಅಂಗಡಿಯಲ್ಲೂ ಟವೆಲು ಬಿಚ್ಚಿ ತೋರಿಸಿ, “ಠಿಕ್ ಏಯಿ ರಕಮ್, ದಾದಾ,” ಎನ್ನುತ್ತ ತಮ್ಮ ಹರಕು ಬಂಗಾಳಿಯಲ್ಲಿ ಥೇಟ್ ಅಂಥದ್ದನ್ನೇ ಕೇಳಿದರು. ಕೊನೆಗೊಬ್ಬ ಹಳೆಯ ಸಾಮಾನಿನ ರಾಶಿಯಿಂದ ಅದರ ಜೋಡಿಯನ್ನೇ ಎಳೆದು ತೆಗೆದ.

ಸಂಜೆ ಪೆಟ್ಟಿಗೆ ಗುರ್ರೆಂದಿತು. ಶಾಂತಮ್ಮನ ಮಾತುಗಳು ಪರದೆಯ ಮೇಲೆ ಇದ್ದಲ್ಲೇ ಇದ್ದವು. ನಿತಿನ್ ಗಟ್ಟಿಯಾಗಿ ಓದಿದ: ‘ಹೌರಾದಲ್ಲಿ ಇಳಿದರೆ ಜನವೋ ಜನ, ನಮ್ಮೆಜಮಾನ್ರು ಕಾಣೆ. ಹೆಸರು ಹಿಡಿದು ಕೂಗೋ ಹಾಗಿಲ್ಲವಲ್ಲ! ಟ್ರಂಕಿನ ಮೇಲೆ ಹತ್ತಿ ನಿಂತು “ರೀ... ರೀ...” ಅಂತ ಕೂಗಿದೆ. ಗುರುತಿಲ್ಲದ ಕನ್ನಡದವರೊಬ್ಬರು ತಿರುಗಿ ನೋಡಿ, ಯಾರಮ್ಮ ಬೇಕು ಅಂದರು.’ ಅಹಲ್ಯಾ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಂಚಿಕೆ ಅಚ್ಚಾಯಿತು. ಅದಾದ ಮೇಲೆ ಯಾರ ಮನೆಯಲ್ಲಿ ಕಂಪ್ಯೂಟರ್ ಕೆಟ್ಟರೂ ಮೊದಲ ಫೋನು ಅಹಲ್ಯಾರಿಗೇ. “ನಿಂತೈತೋ, ಮಲಗೈತೋ? ಪರದೆ ಅಳೀಬ್ಯಾಡ್ರಿ,” ಎಂದು ವಿಚಾರಿಸಿಕೊಂಡೇ ಅವರು ನಿತಿನ್‌ಗೆ ಹೇಳುತ್ತಿದ್ದರು. ಅವನು ಪುಣೆಗೆ ವರ್ಗವಾಗುವವರೆಗೂ ಎಷ್ಟೋ ಶನಿವಾರಗಳು ಹಾಗೆ ರೊಟ್ಟಿ, ರಿಪೇರಿಯಲ್ಲಿ ಕಳೆದವು. ಈಗ ಎಲ್ಲರ ಕಂಪ್ಯೂಟರೂ ಮಡಚಿ ಚೀಲಕ್ಕೆ ಹಾಕಿಕೊಳ್ಳುವಂಥವು. ಯಾರೂ ಫೋನು ಮಾಡುವುದಿಲ್ಲ.

ಅಹಲ್ಯಾರಿಗೆ ಹೆಚ್ಚು ನೆನಪಾಗುವುದು ಆ ವರ್ಷದ ರಾಜ್ಯೋತ್ಸವ. ಶಾಂತಮ್ಮನ ಮಗಳು ಪೂರ್ವಿ ಸಂಚಿಕೆ ಹಿಡಿದು ಹತ್ತಿರ ಬಂದಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಓದಲು ಬಾರದು; ಚಿಕ್ಕಮ್ಮ ಎನ್ನಲೂ ಬಂಗಾಳಿಯ ‘ಮಾಶಿ’ಯೇ ಬಾಯಿಗೆ ಬರುತ್ತಿತ್ತು.

“ಮಾಶಿ, ಅಮ್ಮಂದು ಯಾವ ಪೇಜ್? ನೀವು ಓದಿ, ಪ್ಲೀಸ್. ನಂಗೆ ಕೇಳಿದ್ರೆ ಅರ್ಥ ಆಗತ್ತೆ.”

ಸಭೆಯ ಗದ್ದಲದ ನಡುವೆ ಒಂದು ಮೂಲೆಯಲ್ಲಿ ಕೂತು, ಅಹಲ್ಯಾ ತಮ್ಮ ಧಾರವಾಡದ ನಾಲಿಗೆಯನ್ನು ಆದಷ್ಟು ಮೈಸೂರಿಗೆ ತಿರುಗಿಸಿಕೊಂಡು ಓದತೊಡಗಿದರು.